ಬಾಡಿಗೆ ಕೊಠಡಿಗೂ ಪರವಾನಗಿ

ಹೊಸಪೇಟೆ ಮತ್ತು ಹಂಪಿಯ ನಡುವಿನ ಮಲಪನಗುಡಿಯಂಥ ಊರುಗಳಲ್ಲಿ ಮನೆಯ ಕೊಠಡಿಗಳನ್ನು ಪ್ರವಾಸಿಗರಿಗೆ ನೀಡುವ ಮಾಲೀಕರು, ಅಂದರೆ ಹೋಂಸ್ಟೇ ನಡೆಸುವವರು, ಅದನ್ನು ಸಾಮಾನ್ಯ ಮನೆಬಾಡಿಗೆಯೆಂದು ಭಾವಿಸುವುದು ಸಹಜವಾದರೂ ಕಾನೂನಿನ ದೃಷ್ಟಿಯಲ್ಲಿ ಅದು ವ್ಯವಹಾರವೇ ಆಗಿದ್ದು, ವಿದೇಶಿ ಅತಿಥಿ ಬಂದರೆ 24 ಗಂಟೆಗಳೊಳಗೆ ತಂಗಿರುವವರ ವಿವರಪತ್ರದಲ್ಲಿ ಅಧಿಕಾರಿಗಳಿಗೆ ತಿಳಿಸುವ ಹೊಣೆಯೂ ಮಾಲೀಕರದೇ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾರಣ ಇಲ್ಲಿ ಹೋಂಸ್ಟೇಯ ನೋಂದಣಿಗಿಂತ ಕಟ್ಟಡದ ಅನುಮತಿಯೇ ಕಠಿಣ. ತುಂಗಭದ್ರೆಯ ಆಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸಂರಕ್ಷಿತ ಪ್ರದೇಶದಲ್ಲಿನ ಅಕ್ರಮ ನಿರ್ಮಾಣವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಮಾನಿಸಿದ ಬಳಿಕ ಅವು ನೆಲಸಮವಾದವು.

ಇಂಥ ನಿಯಮಗಳು ಹಂಪಿಗಷ್ಟೇ ಸೀಮಿತವಲ್ಲ; ಬೆಂಗಳೂರಿನ ಪಿ.ಜಿ.ಗಳಿಗೆ, ಅಂದರೆ ಹಂಚಿಕೊಂಡು ವಾಸಿಸುವ ವಸತಿಗೃಹಗಳಿಗೆ, ಪಾಲಿಕೆ 2024ರಲ್ಲಿ ಪ್ರತಿ ನಿವಾಸಿಗೆ 70 ಚದರ ಅಡಿ ಜಾಗ ಮತ್ತು ಸಿಸಿಟಿವಿ ಕಡ್ಡಾಯಗೊಳಿಸಿತು. ಆದ್ದರಿಂದ ಮಾಲೀಕರು ಗೋಡೆ ಎಬ್ಬಿಸುವ ಮೊದಲೇ ಅನುಮತಿ ಪಡೆಯುವುದು ಲೇಸು.