ಜೇನುಪೆಟ್ಟಿಗೆಗೂ ಬೇಕು ಆರೋಗ್ಯ ತಪಾಸಣೆ

ಕೊಡಗು, ದಕ್ಷಿಣ ಕನ್ನಡ ಹಾಗೂ ಉತ್ತರ ಕನ್ನಡದ ಜೇನುಕೃಷಿಕರು 1991-92ರ ಆ ದಿನಗಳನ್ನು ಮರೆಯಲಾರರು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನುಕುಟುಂಬಗಳ ಪೈಕಿ ಅಂದಾಜು ಶೇ 90ರಷ್ಟನ್ನು ಬಲಿ ತೆಗೆದುಕೊಂಡಿತು. ತಲೆಮಾರುಗಳಿಂದ ತುಂಬಿದ್ದ ಪೆಟ್ಟಿಗೆಗಳು ಬರಿದಾದವು. ಅನೇಕರು ಈ ಕಸುಬನ್ನೇ ಕೈಬಿಟ್ಟರು. 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಲಾದ ಪಿಡುಗು ಎರಡು ದಶಕ ತುಂಬುವ ಮೊದಲೇ ಮಲೆನಾಡಿನ ಹಿತ್ತಿಲಿಗೆ ಬಂದಿತ್ತು.

ಈ ರೋಗದ ಕಪಟವಿರುವುದು ಅದರ ಮೌನದಲ್ಲಿ. ಹಾರಾಡುವ ನೊಣಗಳು ಆರೋಗ್ಯವಾಗಿಯೇ ತೋರುತ್ತವೆ. ಸಾಯುವುದು ಎರಿಯೊಳಗಿನ ಮರಿಹುಳು. ಸತ್ತ ಮರಿಯನ್ನು ಹೊರಹಾಕುವ ಕೆಲಸಗಾರ ನೊಣಗಳೇ ಸೋಂಕು ಹೊತ್ತು, ಉಣಿಸುವಾಗ ಅದನ್ನು ಉಳಿದ ಮರಿಗಳಿಗೂ ದಾಟಿಸುತ್ತವೆ. ಆದ್ದರಿಂದ ಪೆಟ್ಟಿಗೆಯ ಬಾಗಿಲನ್ನಷ್ಟೇ ನೋಡಿದರೆ ಸಾಲದು, ಮರಿ ಎರಿಯನ್ನು ಎತ್ತಿ ನೋಡಬೇಕು. ಮುಚ್ಚಳದಲ್ಲಿ ತೂತು, ಕೋಣೆಯಲ್ಲಿ ತಲೆ ಮೇಲೆತ್ತಿ ನೀಳವಾಗಿ ಮಲಗಿದ ಮರಿ, ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುವ ಅದರ ದೇಹ: ಇವು ಸ್ಪಷ್ಟ ಲಕ್ಷಣಗಳು. ಮರಿ ಇನ್ನೂ ಸುರುಳಿ ಸುತ್ತಿದ ಹಂತದಲ್ಲೇ ಹಳದಿಗಟ್ಟಿ ಸತ್ತು, ಹುಳಿ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಯುರೋಪಿಯನ್ ಫೌಲ್‌ಬ್ರೂಡ್ ಇರಬಹುದು.

ಈ ವ್ಯತ್ಯಾಸ ತಿಳಿಯುವುದು ಮುಖ್ಯ. ಏಕೆಂದರೆ ವೈರಸ್ಸಿಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ಅದು ಜೇನುತುಪ್ಪದಲ್ಲಿ ಉಳಿದು ಗ್ರಾಹಕನ ಹೊಟ್ಟೆ ಸೇರುತ್ತದೆ, ಅಷ್ಟೆ. ಥಾಯ್ ಸ್ಯಾಕ್‌ಬ್ರೂಡ್‌ಗೆ ಖಚಿತ ಔಷಧಿಯಿಲ್ಲ, ಶಿಸ್ತೇ ಮದ್ದು. ರೋಗಪೀಡಿತ ಎರಿಯನ್ನು ಸುಟ್ಟುಹಾಕುವುದು, ರಾಣಿಯನ್ನು ಕೆಲದಿನ ಪಂಜರದಲ್ಲಿಟ್ಟು ಮೊಟ್ಟೆಗೆ ಬಿಡುವು ಕೊಡುವುದು, ಒಂದು ಪೆಟ್ಟಿಗೆಯ ಎರಿಯನ್ನಾಗಲಿ ತುಪ್ಪವನ್ನಾಗಲಿ ಇನ್ನೊಂದಕ್ಕೆ ಕೊಡದಿರುವುದು, ಉಪಕರಣಗಳನ್ನು ಶುಚಿಯಾಗಿಡುವುದು, ರೋಗ ತಡೆದು ಉಳಿದ ಕುಟುಂಬಗಳಿಂದಲೇ ಸಂತತಿ ಬೆಳೆಸುವುದು ಅಗತ್ಯ.

ಆದರೆ ಒಬ್ಬ ಕೃಷಿಕನ ಶಿಸ್ತಿಗೆ ಮಿತಿಯಿದೆ. ನೆರೆಯವನ ಪೆಟ್ಟಿಗೆಯಲ್ಲಿ ರೋಗವಿದ್ದರೆ ಜೇನ್ನೊಣ ಬೇಲಿಯನ್ನು ಲೆಕ್ಕಿಸುವುದಿಲ್ಲ. ಜೇನುಕೃಷಿಗೆಂದು ಕೇಂದ್ರ ಸರ್ಕಾರ 2020ರಲ್ಲಿ 500 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದ ಬಳಿಕ ಪೆಟ್ಟಿಗೆಗಳ ಸಂಖ್ಯೆಯ ಬಗ್ಗೆ ಮಾತು ಹೆಚ್ಚಾಗಿದೆ. ಸಂಖ್ಯೆಯಷ್ಟೇ ಆರೋಗ್ಯವೂ ಮುಖ್ಯವಲ್ಲವೇ? ಜಿಲ್ಲೆಯಿಂದ ಜಿಲ್ಲೆಗೆ ಸಾಗುವ, ಸಹಾಯಧನದಲ್ಲಿ ಹಂಚುವ ಪ್ರತಿ ಕುಟುಂಬದ ಮರಿ ಎರಿಯನ್ನೂ ತಜ್ಞರು ಪರೀಕ್ಷಿಸಿ ದೃಢೀಕರಿಸಬೇಕು. ರೋಗ ಕಂಡಾಗ ಮುಚ್ಚಿಡದೆ ತಿಳಿಸುವ ಕೃಷಿಕನಿಗೆ ಪರಿಹಾರ ಸಿಗಬೇಕು.

ಜೇನು ಸತ್ತರೆ ನಷ್ಟ ತುಪ್ಪದ್ದಷ್ಟೇ ಅಲ್ಲ, ಏಲಕ್ಕಿಯಂಥ ಬೆಳೆ ಕಾಯಿಕಟ್ಟುವುದೇ ಜೇನಿನ ಓಡಾಟದಿಂದ. ರೋಗವಿರುವ ಪೆಟ್ಟಿಗೆಯನ್ನು ಊರಿಂದೂರಿಗೆ ಹಂಚಿದರೆ ಅದು ಅಭಿವೃದ್ಧಿಯಲ್ಲ, ಸೋಂಕಿನ ವಿತರಣೆ.