ಸೋತವರು ಮಣ್ಣು ಒಯ್ಯುವ ಮೈದಾನ

ಪಂದ್ಯ ಮುಗಿದ ಕೂಡಲೇ ಸೈರನ್ ಕೂಗುತ್ತದೆ. ಹಿಂದೆ ನಮ್ಮ ಬಟ್ಟೆ ಗಿರಣಿಗಳಲ್ಲಿ ಪಾಳಿ ಬದಲಾಗುವಾಗ ಕೂಗುತ್ತಿತ್ತಲ್ಲ, ಅಂಥದ್ದೇ ಉದ್ದನೆಯ ಕೂಗು. ಎರಡೂ ತಂಡದ ಹುಡುಗರು ಓಡಿ ಬಂದು ಎದುರುಬದುರು ಸಾಲಾಗಿ ನಿಂತು, ಟೋಪಿ ತೆಗೆದು, ಸೊಂಟ ಬಗ್ಗಿಸಿ ನಮಸ್ಕರಿಸುತ್ತಾರೆ. ಆಮೇಲೆ ಗೆದ್ದ ಶಾಲೆಯ ಹಾಡು ಮೊಳಗುತ್ತದೆ. ಗೆದ್ದವರು ಎದೆಯುಬ್ಬಿಸಿ ಹಾಡುತ್ತಾರೆ. ಸೋತವರು ತಮ್ಮ ಬೆಂಚಿನ ಮುಂದೆ ನಿಂತು ಆ ಹಾಡನ್ನು ಕೊನೆಯ ಸಾಲಿನವರೆಗೂ ಕೇಳಬೇಕು. ಅದು ಮುಗಿದ ಮೇಲೆ ತಮ್ಮ ಊರಿಂದ ಬಂದ ಜನರ ಕಡೆಗೆ ಓಡಿಹೋಗಿ ಅವರಿಗೂ ಬಗ್ಗಿ ನಮಸ್ಕರಿಸಿ, ವಾಪಸು ಬಂದು ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಎರಡೂ ಕೈಯಿಂದ ಕಪ್ಪು ಮಣ್ಣನ್ನು ಬಾಚಿ ಬಾಚಿ ಶೂ ಇಡುವ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಅಳು ತಡೆಯಲಾಗದೆ ಮೂಗು ಒರೆಸಿಕೊಂಡಾಗ ಮುಖಕ್ಕೂ ಮಣ್ಣು. ಅವರೆದುರೇ ಮಂಡಿಯೂರಿ ಕೂತ ಪತ್ರಿಕಾ ಛಾಯಾಗ್ರಾಹಕರು ಒಂದೇ ಸಮನೆ ಕ್ಲಿಕ್ಕಿಸುತ್ತಿರುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಗೆದ್ದವರ ಚಿತ್ರದಷ್ಟೇ ಈ ಚಿತ್ರಕ್ಕೂ ಜಾಗ.

ಇದು ಜಪಾನಿನ ಕೋಶಿಯೆನ್ ಕ್ರೀಡಾಂಗಣ. ಒಸಾಕಾ ಮತ್ತು ಕೋಬೆ ನಗರಗಳ ನಡುವಿನ ನಿಶಿನೊಮಿಯಾದಲ್ಲಿದೆ. ಐತಿಹಾಸಿಕ ಬೇಸ್‌ಬಾಲ್ ಮೈದಾನ ಎಂದ ಕೂಡಲೇ ಬಾಸ್ಟನ್ನಿನ ಫೆನ್‌ವೇ ಪಾರ್ಕ್, ಶಿಕಾಗೊದ ರಿಗ್ಲಿ ಫೀಲ್ಡ್, ಬೇಬ್ ರೂತ್ ಮೆರೆದ ಯಾಂಕೀ ಸ್ಟೇಡಿಯಂ ಮುಂತಾದ ಅಮೆರಿಕದ ಹೆಸರುಗಳೇ ನೆನಪಿಗೆ ಬರುತ್ತವೆ. ಅಲ್ಲಿನ ಕಥೆಗಳಲ್ಲಿ ಬಹುಪಾಲು ಯಾರೋ ಬಾರಿಸಿದ ಹೋಂ ರನ್ನಿನವು, ಯಾವುದೋ ತಂಡದ ಪ್ರಶಸ್ತಿಯವು. ಕೋಶಿಯೆನ್ನಿನ ನೂರು ವರ್ಷಗಳ ನೆನಪಿನ ಬುತ್ತಿ ಬಿಚ್ಚಿದರೆ ಮೇಲೆ ಸಿಗುವುದು ಸೋಲುಗಳು. ಸೋತವರೇನೂ ದೊಡ್ಡ ದೊಡ್ಡ ಆಟಗಾರರಲ್ಲ, ಹದಿನಾರು ಹದಿನೇಳರ ಪ್ರಾಯದ ಶಾಲಾ ಹುಡುಗರು.

ಲೆಕ್ಕ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಆಗಸ್ಟ್‌ನಲ್ಲಿ ಇಲ್ಲಿ ನಡೆಯುವ ಅಖಿಲ ಜಪಾನ್ ಪ್ರೌಢಶಾಲಾ ಟೂರ್ನಿಗೆ ಪ್ರಾಂತ್ಯ ಮಟ್ಟದಲ್ಲಿ 3,000ಕ್ಕೂ ಹೆಚ್ಚು ಶಾಲೆಗಳು ಸೆಣಸುತ್ತವೆ. ಉಳಿದು ಬರುವುದು 49: ಪ್ರಾಂತ್ಯಕ್ಕೊಂದು, ಟೋಕಿಯೊ ಮತ್ತು ಹೊಕ್ಕೈಡೊಗೆ ಮಾತ್ರ ಎರಡೆರಡು. ಎಲ್ಲವೂ ನಾಕೌಟ್. ಲೀಗ್ ಇಲ್ಲ, ಎರಡನೇ ಅವಕಾಶ ಇಲ್ಲ. ಕೊನೆಗೆ ಸೋಲದೆ ಮನೆಗೆ ಹೋಗುವ ಶಾಲೆ ಇಡೀ ದೇಶದಲ್ಲಿ ಒಂದೇ ಒಂದು.

ಟೂರ್ನಿ ಮೈದಾನಕ್ಕಿಂತ ಹಳೆಯದು, 1915ರಲ್ಲಿ ಶುರುವಾದದ್ದು. 1923ರ ಹೊತ್ತಿಗೆ ಜನ ಎಷ್ಟು ಬರತೊಡಗಿದರೆಂದರೆ, ಆಗಿನ ಮೈದಾನದಲ್ಲಿ ಪ್ರೇಕ್ಷಕರು ಆಟದ ಅಂಗಳಕ್ಕೇ ನುಗ್ಗಿದರು. ಹಾನ್‌ಶಿನ್ ಎಂಬ ರೈಲು ಕಂಪನಿ ಲೆಕ್ಕ ಹಾಕಿತು: ದೊಡ್ಡ ಮೈದಾನ ಕಟ್ಟಿದರೆ ಜನ, ಜನ ಬಂದರೆ ಟಿಕೆಟ್. ಬತ್ತಿಸಿದ ನದಿಯೊಂದರ ಪಾತ್ರದಲ್ಲಿ 1924ರ ಮಾರ್ಚ್‌ನಲ್ಲಿ ಕೆಲಸ ಆರಂಭಿಸಿ, ಆಗಸ್ಟ್ 1ಕ್ಕೆ ಉದ್ಘಾಟನೆಯನ್ನೂ ಮುಗಿಸಿತು. ನಮ್ಮಲ್ಲಿ ಸಂವತ್ಸರಗಳಿರುವಂತೆ ಅಲ್ಲೂ 60 ವರ್ಷಗಳ ಚಕ್ರವಿದೆ. ಆ ಚಕ್ರದ ಮೊದಲ ವರ್ಷದ ಹೆಸರನ್ನೇ ಮೈದಾನಕ್ಕೆ ಇಟ್ಟರು. 1929ರಲ್ಲಿ ಪಕ್ಕದ ಮೆಟ್ಟಿಲುಗಳನ್ನು ಎತ್ತರಿಸಿದಾಗ, ಬಿಳಿ ಅಂಗಿಯ ಜನ ತುಂಬಿದ ಆ ಭಾಗ ಹಿಮದ ಬೆಟ್ಟದಂತಿದೆ ಎಂದು ವ್ಯಂಗ್ಯಚಿತ್ರಕಾರ ಒಕಾಮೊತೊ ಇಪ್ಪೇ ಚಿತ್ರ ಬರೆದರು. ಅಂದಿನಿಂದ ಅದಕ್ಕೆ ‘ಆಲ್ಪ್ಸ್’ ಎಂದೇ ಹೆಸರು. ಈಗಲೂ ಶಾಲೆಗಳ ಬ್ಯಾಂಡು ಬಜಾಯಿಸುವುದು ಅಲ್ಲೇ.

ಹಳೆಯ ಪಂದ್ಯಗಳಲ್ಲಿ ಎರಡನ್ನು ಹೇಳಲೇಬೇಕು. 1931ರಲ್ಲಿ ಜಪಾನಿನ ವಸಾಹತಾಗಿದ್ದ ತೈವಾನ್‌ನಿಂದ ಕೃಷಿ ಶಾಲೆಯೊಂದು ಬಂತು. ಜಪಾನೀಯರು, ಹಾನ್ ಚೀನೀಯರು, ತೈವಾನಿನ ಮೂಲನಿವಾಸಿಗಳು ಮೂವರೂ ಇದ್ದ ತಂಡ. ಯಾರೂ ಲೆಕ್ಕಕ್ಕೆ ಇಟ್ಟಿರದ ಆ ಹುಡುಗರು ಫೈನಲ್‌ವರೆಗೆ ಬಂದು, ಚುಕ್ಯೊ ಶಾಲೆಗೆ 0–4ರಿಂದ ಸೋತರು. ತೈವಾನಿನಲ್ಲಿ 2014ರಲ್ಲಿ ಅವರ ಮೇಲೆ ‘ಕಾನೊ’ ಎಂಬ ಸಿನಿಮಾವೇ ಬಂತು. ಅವರನ್ನು ಸೋಲಿಸಿದ ಚುಕ್ಯೊ ಶಾಲೆ 1933ರ ಸೆಮಿಫೈನಲ್‌ನಲ್ಲಿ ಆಕಾಶಿ ಶಾಲೆಯ ವಿರುದ್ಧ ಆಡಿದ ಪಂದ್ಯ 25 ಇನಿಂಗ್ಸ್ ನಡೆಯಿತು. ಬೇಸ್‌ಬಾಲ್ ಪಂದ್ಯಕ್ಕೆ ಇರುವುದು 9 ಇನಿಂಗ್ಸ್, ಸಮಬಲವಾದರೆ ಮುಂದುವರಿಯುತ್ತದೆ. ಇಲ್ಲಿ 24 ಇನಿಂಗ್ಸ್‌ವರೆಗೆ ಇಬ್ಬರದೂ ಸೊನ್ನೆ. ಸ್ಕೋರ್ ಫಲಕದಲ್ಲಿ ಜಾಗ ಮುಗಿದು ಪಕ್ಕಕ್ಕೆ ಹಲಗೆ ಜೋಡಿಸಿ ಸೊನ್ನೆ ಬರೆಯಬೇಕಾಯಿತು. ಸುಮಾರು ಐದು ತಾಸಿನ ಆಟ ಕೊನೆಗೆ ಮುಗಿದದ್ದು ಆಕಾಶಿಯ ಒಂದು ಅಡ್ಡಾದಿಡ್ಡಿ ಎಸೆತದಿಂದ. ಎರಡೂ ಕಡೆ ಮೊದಲಿನಿಂದ ಕೊನೆವರೆಗೆ ಪಿಚಿಂಗ್, ಅಂದರೆ ಚೆಂಡೆಸೆತ, ಮಾಡಿದ್ದು ಒಬ್ಬೊಬ್ಬನೇ ಹುಡುಗ.

ಯುದ್ಧ ಬಂದಾಗ ಆಟ ನಿಂತಿತು. 1942ರಲ್ಲಿ ಸರ್ಕಾರವೇ ಒಂದು ಟೂರ್ನಿ ನಡೆಸಿತಾದರೂ ಅದು ಅಧಿಕೃತ ದಾಖಲೆಗಳಲ್ಲಿ ಇಲ್ಲ. 1943ರಲ್ಲಿ ಮೈದಾನದ ಹೆಮ್ಮೆಯಾಗಿದ್ದ ಬೃಹತ್ ಕಬ್ಬಿಣದ ಚಾವಣಿಯನ್ನು ಲೋಹಕ್ಕಾಗಿ ಕಿತ್ತು ಕೊಟ್ಟರು. ಇದೇ ನೆಲದಲ್ಲಿ ಶಾಲಾ ಹುಡುಗನಾಗಿ ಮಿಂಚಿ, ಆಮೇಲೆ 1934ರಲ್ಲಿ ಬೇಬ್ ರೂತ್ ತಂಡದ ಎದುರು ಪಿಚಿಂಗ್ ಮಾಡಿ ಮನೆಮಾತಾಗಿದ್ದ ಸವಾಮುರಾ ಎಯ್‌ಜಿ 1944ರಲ್ಲಿ ಸೈನಿಕನಾಗಿ ಹಡಗಿನಲ್ಲಿ ಸಾಗುತ್ತಿದ್ದಾಗ ಸತ್ತ. ಯುದ್ಧ ಮುಗಿದ ಮೇಲೆ ಮೈದಾನ ಅಮೆರಿಕದ ಸೈನ್ಯದ ವಶದಲ್ಲಿತ್ತು. 1946ರ ಟೂರ್ನಿಯನ್ನು ಬೇರೆಡೆ ನಡೆಸಿ, 1947ರಲ್ಲಿ ಇಲ್ಲಿಗೆ ಮರಳಿದರು. ಟೂರ್ನಿ ನಡೆಯುವಾಗ, ಜಪಾನಿಗೆ ಯುದ್ಧ ಮುಗಿದ ದಿನವಾದ ಆಗಸ್ಟ್ 15ರ ಮಧ್ಯಾಹ್ನ 12ಕ್ಕೆ ಆಟ ನಿಲ್ಲುತ್ತದೆ. ಸೈರನ್ ಕೂಗುತ್ತದೆ. ಒಂದು ನಿಮಿಷ ಎಲ್ಲರೂ ಎದ್ದು ನಿಲ್ಲುತ್ತಾರೆ.

ಮಣ್ಣು ಒಯ್ಯುವ ರೂಢಿ ಯಾರಿಂದ ಬಂತು ಎಂಬುದಕ್ಕೆ ಎರಡು ಕಥೆಗಳಿವೆ. 1937ರ ಫೈನಲ್ ಸೋತ ಕವಾಕಾಮಿ ತೆತ್ಸುಹಾರು ಮಣ್ಣನ್ನು ಜೇಬಿನಲ್ಲಿ ತುಂಬಿಕೊಂಡು ಹೋಗಿ ತನ್ನ ಶಾಲೆಯ ಅಂಗಳಕ್ಕೆ ಚೆಲ್ಲಿದ ಎನ್ನುವವರು ಕೆಲವರು. 1949ರಲ್ಲಿ ಸೋತ ಕೊಕುರಾದ ಪಿಚರ್ ತನಗೇ ಅರಿವಿಲ್ಲದೆ ಜೇಬಿಗೆ ಹಾಕಿಕೊಂಡ ಹಿಡಿ ಮಣ್ಣಿನದೇ ಮೊದಲ ಕಥೆ ಎನ್ನುವವರು ಇನ್ನು ಕೆಲವರು. ಆದರೆ ಆ ಮಣ್ಣಿಗೆ ಇಡೀ ದೇಶ ಮರುಗಿದ್ದು 1958ರಲ್ಲಿ.

ಆ ವರ್ಷ ಒಕಿನಾವಾ ದ್ವೀಪದಿಂದ ಮೊದಲ ಬಾರಿಗೆ ಒಂದು ಶಾಲೆ ಕೋಶಿಯೆನ್‌ಗೆ ಬಂತು, ಶೂರಿ ಪ್ರೌಢಶಾಲೆ. ಒಕಿನಾವಾ ಆಗ ಅಮೆರಿಕದ ಆಡಳಿತದಲ್ಲಿತ್ತು. ಹುಡುಗರು ಮೊದಲ ಪಂದ್ಯದಲ್ಲೇ 0–3ರಿಂದ ಸೋತು, ಎಲ್ಲರಂತೆ ಮಣ್ಣು ತುಂಬಿಕೊಂಡು ಹಡಗು ಹತ್ತಿದರು. ನಾಹಾ ಬಂದರಿನಲ್ಲಿ ಅಧಿಕಾರಿಗಳು ತಡೆದರು. ಕಾನೂನಿನ ಪ್ರಕಾರ ಅದು ಹೊರದೇಶದ ಮಣ್ಣು. ಸಸ್ಯರೋಗ ತಡೆ ನಿಯಮದಡಿ ಒಳಗೆ ಬಿಡುವಂತಿಲ್ಲ. ಇಡೀ ಮಣ್ಣನ್ನು ಸಮುದ್ರಕ್ಕೆ ಸುರಿಯಲಾಯಿತು. ಸುದ್ದಿ ಓದಿದ ಜಪಾನ್ ಏರ್‌ಲೈನ್ಸ್‌ನ ಗಗನಸಖಿಯೊಬ್ಬರು ಒಂದು ಉಪಾಯ ಮಾಡಿದರು: ಮಣ್ಣಿಗೆ ತಾನೆ ನಿರ್ಬಂಧ, ಕಲ್ಲಿಗೆ ಇಲ್ಲವಲ್ಲ. ಕೋಶಿಯೆನ್ನಿನ ಸಣ್ಣ ಕಲ್ಲುಗಳನ್ನು ಆರಿಸಿ ಶೂರಿ ಶಾಲೆಗೆ ತಲುಪಿಸಿದರು. ಆ ಕಲ್ಲುಗಳನ್ನು ಕೂರಿಸಿದ ಸ್ಮಾರಕ ಇಂದಿಗೂ ಶಾಲೆಯ ಆವರಣದಲ್ಲಿದೆ. ಒಕಿನಾವಾ ಜಪಾನಿಗೆ ಮರಳಿದ್ದು 1972ರಲ್ಲಿ. ಆ ದ್ವೀಪದ ಶಾಲೆಯೊಂದು ಆಗಸ್ಟ್ ಟೂರ್ನಿಯ ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದದ್ದು 2010ರಲ್ಲಿ.

ನನ್ನ ಮಟ್ಟಿಗೆ ಕೋಶಿಯೆನ್ನಿನ ಸ್ವಭಾವ ಪೂರ್ತಿ ಕಾಣುವುದು ಕನಜಾವಾ ಊರಿನ ಸೆಯ್‌ರ್ಯೊ ಶಾಲೆಯ ಕಥೆಯಲ್ಲಿ. 1979ರಲ್ಲಿ ಮಿನೊಶಿಮಾ ಶಾಲೆಯ ವಿರುದ್ಧ ಪಂದ್ಯ. 16ನೇ ಇನಿಂಗ್ಸ್‌ನಲ್ಲಿ ಸೆಯ್‌ರ್ಯೊ ಒಂದು ರನ್ ಮುಂದೆ. ಎದುರಾಳಿಯ ಇಬ್ಬರು ಔಟಾಗಿದ್ದಾರೆ, ಇನ್ನೊಬ್ಬ ಔಟಾದರೆ ಮುಗಿಯಿತು. ಚೆಂಡು ಮೇಲಕ್ಕೆ ಚಿಮ್ಮಿ ಬದಿಗೆ ಬೀಳುವಂತಿದೆ, ಸುಲಭದ ಕ್ಯಾಚ್. ಮೊದಲ ಬೇಸ್‌ನಲ್ಲಿದ್ದ ಹುಡುಗ ಅದರ ಕೆಳಗೆ ಓಡಿದ. ಕಾಲು ತೊಡರಿ ಬಿದ್ದ. ಬದುಕಿಕೊಂಡ ಬ್ಯಾಟರ್ ಸ್ವಲ್ಪ ಹೊತ್ತಿನಲ್ಲೇ ಹೋಂ ರನ್ ಬಾರಿಸಿ ಸಮ ಮಾಡಿದ. 18ನೇ ಇನಿಂಗ್ಸ್‌ನಲ್ಲಿ ಮಿನೊಶಿಮಾ 4–3ರಿಂದ ಗೆದ್ದಿತು. ಅಷ್ಟೂ ಇನಿಂಗ್ಸ್ ಚೆಂಡೆಸೆದು ಸೋತ ಸೆಯ್‌ರ್ಯೊ ಪಿಚರ್ ಕೈಗೆ ಅಂಪೈರ್ ಪಂದ್ಯದ ಚೆಂಡನ್ನು ಸುಮ್ಮನೆ ಇಟ್ಟು ಹೋದರು. ಆ ಹುಡುಗ ಕತಾತಾ ಮುಂದೆ ತಾನೂ ಅಂಪೈರ್ ಆಗಿ ಇದೇ ಮೈದಾನಕ್ಕೆ ಮರಳಿದ.

ಅದೇ ಶಾಲೆ 1992ರಲ್ಲಿ ಮತ್ತೆ ಸುದ್ದಿಯಾಯಿತು. ಆಗ ಅವರ ತಂಡದಲ್ಲಿದ್ದವನು ಮಾತ್ಸುಯಿ ಹಿದೆಕಿ. ಹೈಸ್ಕೂಲು ಹುಡುಗನಾದರೂ ಅವನ ಹೊಡೆತಕ್ಕೆ ಎದುರಾಳಿಗಳು ಬೆವರುತ್ತಿದ್ದರು. ಕೋಚಿ ಪ್ರಾಂತ್ಯದ ಮೇಯ್‌ತೊಕು ಗಿಜುಕು ಶಾಲೆಯ ತರಬೇತುದಾರ ಮಾಬುಚಿ ಶಿರೊ ಒಂದು ಲೆಕ್ಕಾಚಾರಕ್ಕೆ ಬಂದರು: ಇವನಿಗೆ ಹೊಡೆಯಲು ಚೆಂಡನ್ನೇ ಕೊಡಬಾರದು. ಬೇಸ್‌ಬಾಲ್‌ನಲ್ಲಿ ನಾಲ್ಕು ಎಸೆತ ಬ್ಯಾಟರ್‌ನಿಂದ ದೂರ ಹೋದರೆ ಅವನಿಗೆ ಮೊದಲ ಬೇಸ್ ಬಿಟ್ಟಿ. ಅಷ್ಟು ತೆತ್ತರೂ ಪರವಾಗಿಲ್ಲ ಎಂದು ಐದಕ್ಕೆ ಐದು ಸಲವೂ ಹಾಗೇ ಮಾಡಿಸಿದರು. ಮಾತ್ಸುಯಿ ಇಡೀ ಪಂದ್ಯದಲ್ಲಿ ಒಂದು ಬಾರಿಯೂ ಬ್ಯಾಟು ಬೀಸಲಿಲ್ಲ; ಬ್ಯಾಟನ್ನು ಮೆಲ್ಲಗೆ ನೆಲಕ್ಕಿಟ್ಟು ಮೊದಲ ಬೇಸ್‌ಗೆ ನಡೆದ. ಸೆಯ್‌ರ್ಯೊ 2–3ರಿಂದ ಸೋತಿತು. ಪ್ರೇಕ್ಷಕರು ಅಂಗಳಕ್ಕೆ ಮೆಗಾಫೋನು, ಕಸ ಎಸೆದರು. ಗೆದ್ದವರ ಶಾಲಾಗೀತೆ ಬೈಗುಳದಲ್ಲಿ ಮುಳುಗಿಹೋಯಿತು. ಮುಂದಿನ ಪಂದ್ಯದಲ್ಲಿ ಮೇಯ್‌ತೊಕು 0–8ರಿಂದ ಮಣ್ಣು ಮುಕ್ಕಿತು. ನಿಯಮ ಮುರಿದಿರಲಿಲ್ಲ, ನಿಜ. ನನಗಂತೂ ತರಬೇತುದಾರರ ಲೆಕ್ಕ ಸರಿ ಅನ್ನಿಸುತ್ತದೆ. ನಾಕೌಟ್ ಇಟ್ಟು, ಗೆಲ್ಲಲೇಬೇಕು ಎಂದು ಶಾಲೆಗಳನ್ನು ಹುರಿದುಂಬಿಸಿ, ಆಮೇಲೆ ಗೆಲ್ಲುವ ದಾರಿ ಹುಡುಕಿದವನಿಗೆ ಛೀಮಾರಿ ಹಾಕುವುದು ಯಾವ ನ್ಯಾಯ? ಮಾತ್ಸುಯಿ ಮುಂದೆ ನ್ಯೂಯಾರ್ಕ್ ಯಾಂಕೀಸ್ ಸೇರಿ 2009ರ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರನಾದ. ಸೆಯ್‌ರ್ಯೊ 1995ರಲ್ಲೂ 2019ರಲ್ಲೂ ಫೈನಲ್‌ಗೆ ಬಂದಿತು, ಎರಡು ಸಲವೂ ಸೋತಿತು.

ಗೆದ್ದವರ ಕಥೆಗಳಿಗೂ ಇಲ್ಲಿ ಒಂದು ಕಹಿ ಅಂಚು ಇದ್ದೇ ಇದೆ. 1998ರಲ್ಲಿ ಯೊಕೊಹಾಮಾ ಶಾಲೆಯ ಮಾತ್ಸುಜಾಕಾ ದಾಯ್‌ಸುಕೆ ಕ್ವಾರ್ಟರ್ ಫೈನಲ್‌ನಲ್ಲಿ 17 ಇನಿಂಗ್ಸ್‌ಗಳಲ್ಲಿ 250 ಎಸೆತ ಹಾಕಿದ. ಮರುದಿನ ಸೆಮಿಫೈನಲ್‌ನ ಕೊನೆಯ ಇನಿಂಗ್ಸ್‌ಗೆ ಇಳಿದ. ಅದರ ಮರುದಿನ ಫೈನಲ್‌ನಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೊಡಲಿಲ್ಲ. ದೇಶ ಹುಚ್ಚೆದ್ದಿತು. 2006ರ ಫೈನಲ್ 15 ಇನಿಂಗ್ಸ್ ನಡೆದು 1–1ರಲ್ಲಿ ನಿಂತು, ಮರುದಿನ ಮತ್ತೆ ಆಡಬೇಕಾಯಿತು. ವಾಸೆದಾ ಶಾಲೆಯ ಸಾಯ್‌ತೊ ಯೂಕಿ ಕರವಸ್ತ್ರದಿಂದ ಬೆವರು ಒರೆಸಿಕೊಳ್ಳುತ್ತ ಎಸೆದ ಕೊನೆಯ ಚೆಂಡಿಗೆ ಬ್ಯಾಟು ಬೀಸಿ, ಗುರಿ ತಪ್ಪಿ ಔಟಾದವನು ಎದುರಾಳಿ ಪಿಚರ್ ತನಾಕಾ ಮಸಾಹಿರೊ. ಸಾಯ್‌ತೊ ಆ ಟೂರ್ನಿಯಲ್ಲಿ ಎಸೆದದ್ದು ಒಟ್ಟು 948 ಚೆಂಡು! ವೃತ್ತಿಪರ ಆಟದಲ್ಲಿ ಅವನು ಹೆಚ್ಚು ಹೊಳೆಯಲಿಲ್ಲ, 2021ರಲ್ಲಿ ನಿವೃತ್ತನಾದ. ಸೋತ ತನಾಕಾ ಯಾಂಕೀಸ್ ತಂಡದ ಪ್ರಮುಖ ಪಿಚರ್ ಆದ.

ಈ ಅಂಕಿಗಳನ್ನು ಜಪಾನ್ ಬಹಳ ಕಾಲ ಹೆಮ್ಮೆಯಿಂದಲೇ ಹೇಳಿಕೊಂಡಿತು. ಬೆಳೆಯುವ ವಯಸ್ಸಿನ ಹುಡುಗನ ಮೊಣಕೈ, ಭುಜ ಏನಾದೀತು ಎಂದು ವೈದ್ಯರು ಕೇಳುತ್ತಲೇ ಇದ್ದರು. ಅಂತೂ 2018ರಲ್ಲಿ ಹೆಚ್ಚುವರಿ ಇನಿಂಗ್ಸ್‌ಗಳು ಬೇಗ ಮುಗಿಯುವಂತೆ ಟೈಬ್ರೇಕ್ ಬಂತು. ಆದರೆ ಅದೇ ವರ್ಷ ಅಕಿತಾ ಪ್ರಾಂತ್ಯದ ಕೃಷಿ ಶಾಲೆಯೊಂದರ ಪಿಚರ್ ಯೊಶಿದಾ ಕೋಸೆಯ್ ಹೆಚ್ಚುಕಮ್ಮಿ ಒಬ್ಬನೇ 881 ಚೆಂಡು ಎಸೆದು ತಂಡವನ್ನು ಫೈನಲ್‌ಗೆ ತಂದ. ಅಲ್ಲಿ ಶಕ್ತಿ ಸೋರಿಹೋಗಿ ತಂಡ 2–13ರಿಂದ ಸೋತಿತು. 2020ರಿಂದ ಒಬ್ಬ ಪಿಚರ್‌ಗೆ ವಾರಕ್ಕೆ 500 ಎಸೆತ ಎಂಬ ಮಿತಿ ಇದೆ. ನನ್ನ ಪ್ರಕಾರ ಅದೂ ಹೆಚ್ಚೇ. ಈಗ ಬಿಸಿಲು ಇನ್ನೊಂದು ಚಿಂತೆ. ಐದನೇ ಇನಿಂಗ್ಸ್ ಮುಗಿದ ಮೇಲೆ ತಣಿಯಲು ಕೆಲವು ನಿಮಿಷ ಬಿಡುವು, ಕೆಲವು ದಿನ ನಡುಮಧ್ಯಾಹ್ನ ತಪ್ಪಿಸಿ ಬೆಳಿಗ್ಗೆ ಮತ್ತು ಸಂಜೆ ಆಟ ಎಂಬ ಏರ್ಪಾಡುಗಳು ಬಂದಿವೆ. ಸಂಪ್ರದಾಯ ಹಾಳಾಯಿತು ಎಂದು ಗೊಣಗುವ ಹಿರಿಯರು ಅಲ್ಲೂ ಇದ್ದಾರೆ.

ಮೈದಾನದ ನೂರನೇ ವರ್ಷ, 2024ರಲ್ಲಿ, ಗೆದ್ದದ್ದು ಕ್ಯೋಟೊ ಇಂಟರ್‌ನ್ಯಾಷನಲ್. ಜಪಾನಿನಲ್ಲಿ ನೆಲೆಸಿದ ಕೊರಿಯನ್ನರ ಮಕ್ಕಳಿಗಾಗಿ ಹುಟ್ಟಿದ ಶಾಲೆ ಅದು. ಶಾಲಾಗೀತೆ ಕೊರಿಯನ್ ಭಾಷೆಯಲ್ಲಿದೆ. ಟೈಬ್ರೇಕ್‌ನಲ್ಲಿ 2–1ರಿಂದ ಫೈನಲ್ ಗೆದ್ದಾಗ ಪದ್ಧತಿಯಂತೆ ಅದೇ ಹಾಡು ಕೋಶಿಯೆನ್‌ನಲ್ಲಿ ಮೊಳಗಿತು, ದೇಶವ್ಯಾಪಿ ಟಿ.ವಿ.ಯಲ್ಲೂ ಬಂತು. ಇಂಟರ್ನೆಟ್‌ನಲ್ಲಿ ವಿಷ ಕಾರಿದವರು ಬೇಕಾದಷ್ಟು ಜನ. ಆದರೂ ಹಾಡು ಪೂರ್ತಿ ನಡೆಯಿತು.

ಕೆಲಸಕ್ಕೋ ಪ್ರವಾಸಕ್ಕೋ ಆಗಸ್ಟ್‌ನಲ್ಲಿ ಒಸಾಕಾ ಕಡೆ ಹೋಗುವವರು ಒಂದು ದಿನ ಬಿಡುವು ಮಾಡಿಕೊಳ್ಳಿ. ಉಮೆದಾ ನಿಲ್ದಾಣದಿಂದ ಹಾನ್‌ಶಿನ್ ರೈಲು ಹತ್ತಿದರೆ ಕಾಲು ಗಂಟೆಯ ದಾರಿ. ಕೋಶಿಯೆನ್ ನಿಲ್ದಾಣದಿಂದ ಮೈದಾನ ಕಣ್ಣಿಗೇ ಕಾಣುತ್ತದೆ. ಟಿಕೆಟ್ ಮೊದಲೇ ತೆಗೆದುಕೊಳ್ಳಿ, ತಲೆಗೆ ಟೋಪಿ ಇರಲಿ. ಪುಡಿ ಮಾಡಿದ ಮಂಜುಗಡ್ಡೆಯನ್ನು ಚೀಲದಲ್ಲಿ ತುಂಬಿ ಸ್ಟ್ರಾ ಹಾಕಿ ಮಾರುತ್ತಾರೆ. ಮೊದಲು ಕುತ್ತಿಗೆಗೆ ಒತ್ತಿಕೊಂಡು, ಕರಗಿದ ಮೇಲೆ ಕುಡಿಯುವುದು ಅಲ್ಲಿನ ಕ್ರಮ. ಫೈನಲ್ಲೇ ಆಗಬೇಕೆಂದಿಲ್ಲ. ಮೊದಲ ವಾರದಲ್ಲಾದರೆ ಒಂದೇ ದಿನ ಮೂರು ನಾಲ್ಕು ಪಂದ್ಯ ಇರುತ್ತವೆ. ಆಟ ಮುಗಿದ ಕೂಡಲೇ ಎದ್ದು ಹೊರಡಬೇಡಿ.