ತನ್ನನ್ನು ತಾನೇ ಕಚ್ಚಿಕೊಳ್ಳುವ ನಾಯಿ

ಆಷಾಢದ ಒಂದು ರಾತ್ರಿ. ಹೊರಗೆ ಹೆಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಒಳಗೆ, ಜಗಲಿಯ ಮೂಲೆಯ ಗೋಣಿತಾಟಿನ ಮೇಲೆ ಮಲಗಿದ್ದ ನಮ್ಮ ಕೆಂಚ, ಮುಸುಕಿನ ಜೋಳದ ತೆನೆಯನ್ನು ಮುಂಬಲ್ಲಿನಿಂದ ಸಾಲುಸಾಲಾಗಿ ಬಿಡಿಸುವವರಂತೆ, ತನ್ನ ಬಾಲದ ಬುಡವನ್ನು ಜಗಿಯುತ್ತಿದ್ದ. ನೆನೆದ ಕೂದಲಿನೊಳಗೆ ಹಲ್ಲಿಗೆ ಹಲ್ಲು ತಾಗುವ ಆ ಕಟಕಟ ಶಬ್ದ ಮಳೆಯನ್ನೂ ಮೀರಿ ಕೇಳುತ್ತಿತ್ತು. ಗದರಿದರೆ ಕ್ಷಣಕಾಲ ನಿಲ್ಲಿಸಿ, ಕಿವಿ ಜೋಲಿಸಿ ನಮ್ಮನ್ನು ನೋಡುವನು. ನಾವು ಅತ್ತ ತಿರುಗುವಷ್ಟರಲ್ಲಿ ಮತ್ತೆ ಆರಂಭಿಸುವನು. ನಾಯಿಯ ಬಾಲ ಎಂದಿಗಿದ್ದರೂ ಡೊಂಕು, ಅದರ ಚಟವೂ ಹಾಗೆಯೇ ಎಂದು ತೀರ್ಮಾನಿಸಿ ಮನೆಮಂದಿಯೆಲ್ಲ ಮಲಗಿದೆವು. ಬೆಳಗಾಗುವಷ್ಟರಲ್ಲಿ ಆ ಜಾಗದಲ್ಲಿ ಅಂಗೈಯಗಲದ ಹುಣ್ಣೊಂದು ರೋಮವಿಲ್ಲದೆ, ಕೆಂಪೇರಿ, ಜಿನುಗುತ್ತಿತ್ತು.

ಪೇಟೆಯ ಪಶುವೈದ್ಯರಾದರೋ, ಏನು ತಿನ್ನಿಸುವಿರಿ, ಯಾವ ಸೋಪು ಹಚ್ಚುವಿರಿ ಎಂಬುದನ್ನೆಲ್ಲ ಆಮೇಲಕ್ಕೆ ಇರಿಸಿಕೊಂಡು, ಮೊದಲು ಕೇಳಿದ್ದು ಒಂದೇ ಮಾತು: “ಎಲ್ಲಿ ಕಚ್ಚಿಕೊಳ್ಳುತ್ತದೆ?” ಬಾಲದ ಬುಡವೆಂದು ತಿಳಿದೊಡನೆ ಸಣ್ಣಹಲ್ಲಿನ ಬಾಚಣಿಗೆಯೊಂದನ್ನು ತೆಗೆದು, ಸೊಂಟದ ಮೇಲೆ ನಾಲ್ಕು ಬಾರಿ ಎಳೆದು, ಅದರಲ್ಲಿ ಸಿಕ್ಕ ಮೆಣಸಿನ ಪುಡಿಯಂಥ ಕಪ್ಪು ಕಣಗಳನ್ನು ಬಿಳಿಯ ಕಾಗದದ ಮೇಲೆ ಕೊಡವಿ, ಎರಡು ಹನಿ ನೀರು ಬಿಟ್ಟರು. ಬರಿಯ ಮಣ್ಣಾಗಿದ್ದರೆ ಮಣ್ಣಿನ ಬಣ್ಣದಲ್ಲಿಯೇ ಉಳಿಯಬೇಕಾಗಿದ್ದ ಆ ಕಣಗಳ ಸುತ್ತ, ನಾವು ನೋಡುತ್ತಿರುವಂತೆಯೇ, ಇಟ್ಟಿಗೆಗೆಂಪಿನ ವರ್ತುಲ ಹರಡಿತು. ಅದು ಚಿಗಟಗಳ ಹಿಕ್ಕೆ. ಕೆಂಚನ ರಕ್ತವೇ ಜೀರ್ಣವಾಗಿ ಒಣಗಿದ ಶೇಷ. ನಮ್ಮ ಮನೆಯಲ್ಲಿ ಚಿಗಟವೇ ಇಲ್ಲವೆಂದು ವಾದಿಸಲು ಬಾಯಿ ತೆರೆದಿದ್ದ ನಾನು ಆ ಕಾಗದವನ್ನು ಕಂಡು ಸುಮ್ಮನಾದೆ.

ಚಿಗಟದ ಕಡಿತಕ್ಕಿಂತ ಅದರ ಜೊಲ್ಲೇ ಹೆಚ್ಚು ಉಪದ್ರವಕಾರಿ. ಆ ಜೊಲ್ಲು ಒಗ್ಗದ ನಾಯಿಗೆ ಒಂದೆರಡು ಕಡಿತಗಳೇ ದಿನಗಟ್ಟಲೆ ತುರಿಕೆಯನ್ನು ಉಂಟುಮಾಡಲು ಸಾಕು. ತುರಿಕೆ ಕಾಡುವ ನಾಯಿ ಕಂಡ ಚಿಗಟವನ್ನೆಲ್ಲ ಹಲ್ಲಿನಿಂದ ಹೆಕ್ಕಿ ನುಂಗಿಬಿಡುವುದರಿಂದ, ನೋಡುವವರಿಗೆ ಚಿಗಟ ಕಾಣಿಸದಿರುವುದೂ ಆಶ್ಚರ್ಯವಲ್ಲ. ವಿಚಿತ್ರವೆಂದರೆ, ನಾಯಿಗಳನ್ನು ಅತಿ ಹೆಚ್ಚಾಗಿ ಪೀಡಿಸುವ ಜಾತಿಯ ಹೆಸರು ಬೆಕ್ಕಿನ ಚಿಗಟ. ಹೆಣ್ಣು ಚಿಗಟವೊಂದು ದಿನಕ್ಕೆ 40ರಿಂದ 50ರವರೆಗೆ ಮೊಟ್ಟೆಗಳನ್ನಿಡಬಲ್ಲದು. ಅವು ನಾಯಿಯ ಮೈಯಿಂದ ಉದುರಿ ಗೋಣಿತಾಟು, ಚಾಪೆ, ನೆಲದ ಬಿರುಕುಗಳನ್ನು ಸೇರಿ, ಅಲ್ಲಿಯೇ ಮರಿಯಾಗಿ, ಗೂಡು ಕಟ್ಟಿ, ತಿಂಗಳುಗಟ್ಟಲೆ ಕಾದಿರಬಲ್ಲವು. ಆದಕಾರಣ ನಾಯಿಗೆ ಮಾತ್ರ ಔಷಧಿ ಹಾಕಿ ಹಾಸಿಗೆಯನ್ನು ಮರೆತವನ ಶ್ರಮ, ತಳ ಒಡೆದ ಕೊಡಕ್ಕೆ ನೀರು ಸೇದಿದವನ ಶ್ರಮದಂತೆ. ಮನೆಯ ಬೆಕ್ಕಿಗೂ ಇನ್ನೊಂದು ನಾಯಿಗೂ ಅವುಗಳಿಗೆ ತಕ್ಕ ಔಷಧಿಯಾಗಬೇಕು, ಹಾಸನ್ನು ಬಿಸಿನೀರಿನಲ್ಲಿ ಒಗೆಯಬೇಕು, ಮೂಲೆಮೂಲೆಗಳನ್ನು ಕನಿಷ್ಠ ಮೂರು ತಿಂಗಳು ತಪ್ಪದೆ ಗುಡಿಸಬೇಕು.

ವೈದ್ಯರ ಆ ಮೊದಲ ಪ್ರಶ್ನೆ ಮಾತ್ರ ಚಿಗಟಕ್ಕಷ್ಟೇ ಸಲ್ಲುವಂಥದಲ್ಲ. ಮಾತು ಬಾರದ ಪ್ರಾಣಿಯೆಂದು ನಾವು ಕರುಣೆಯಿಂದ ಹೇಳುವ ನಾಯಿ, ತನ್ನ ದೂರನ್ನು ಮೈಮೇಲೆಯೇ ಬರೆದು ತೋರಿಸುತ್ತಿರುತ್ತದೆ. ಓದುವ ವ್ಯವಧಾನ ನಮಗಿರಬೇಕು, ಅಷ್ಟೆ. ಪಾದಗಳನ್ನೂ ಹೊಟ್ಟೆಯನ್ನೂ ಕಂಕುಳನ್ನೂ ಸದಾ ನೆಕ್ಕುತ್ತ, ಬಿಳಿಯ ಕೂದಲು ಜೊಲ್ಲಿನ ಕಲೆಯಿಂದ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ, ಧೂಳಿನ ಹುಳು, ಹೂವಿನ ಪರಾಗ ಮೊದಲಾದವು ಒಗ್ಗದ ಅಲರ್ಜಿಯನ್ನು ಶಂಕಿಸಬೇಕು. ಅದು ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗಿನ ವಯಸ್ಸಿನಲ್ಲಿ ತಲೆದೋರುತ್ತದೆ. ಅದೇ ಲಕ್ಷಣ ಋತುಭೇದವಿಲ್ಲದೆ ವರ್ಷವಿಡೀ ಕಾಡಿದರೆ ಆಹಾರವನ್ನೂ ಪರೀಕ್ಷಿಸತಕ್ಕದ್ದು: ಹಿಂದೆಂದೂ ತಿಂದಿರದ ಮಾಂಸಮೂಲವೊಂದನ್ನೇ ಎಂಟು ವಾರ ಕೊಟ್ಟು ನೋಡುವ ಈ ವ್ರತವು, ಮನೆಯ ಮಗು ಪ್ರೀತಿಯಿಂದ ಎಸೆದ ಒಂದು ಬಿಸ್ಕತ್ತಿನಿಂದ ಭಂಗವಾಗಿಬಿಡುವುದುಂಟು. ಕಿವಿಯಂಚು, ಮೊಣಕೈಗಳಲ್ಲಿ ಕೂದಲುದುರಿ ಹೊಪ್ಪಳೆಗಟ್ಟಿದ್ದರೆ ಅದು ಕಜ್ಜಿಯ ಹುಳುವಿನ ಕೆಲಸವಿರಬಹುದು, ಅದು ಸಾಕುವವರ ಮೈಗೂ ಹತ್ತಬಲ್ಲದು. ಆಸನವನ್ನು ನೆಲಕ್ಕೆ ಉಜ್ಜುತ್ತ ಬಾಲದಡಿ ಕಚ್ಚಿಕೊಂಡರೆ ಗುದದ ಎರಡು ಪಕ್ಕದ ಗ್ರಂಥಿಚೀಲಗಳು ತುಂಬಿರುವುದು ಸಂಭವ. ವಯಸ್ಸಾದ ನಾಯಿ ಒಂದೇ ಕೀಲಿನ ಮೇಲೆ ನಾಲಗೆಯಾಡಿಸುತ್ತಿದ್ದರೆ ಚರ್ಮ ನಿರಪರಾಧಿಯಾಗಿದ್ದು, ಒಳಗಿನ ಸಂಧಿವಾತದ ನೋವೇ ಕಾರಣವಿರಬಹುದು.

ಇನ್ನು, ಮುಂಗಾಲಿನ ಮಣಿಕಟ್ಟನ್ನೇ ನೆಕ್ಕಿ ನೆಕ್ಕಿ ಗಡಸು ಹುಣ್ಣು ಮಾಡಿಕೊಳ್ಳುವ ಡಾಬರ್‌ಮನ್, ಲ್ಯಾಬ್ರಡಾರ್‌ಗಳಂಥ ದೊಡ್ಡ ನಾಯಿಗಳುಂಟು. ಅಲರ್ಜಿ, ಕೀಲುನೋವುಗಳನ್ನು ವೈದ್ಯರು ಪರೀಕ್ಷಿಸಿ ತಳ್ಳಿಹಾಕಿದ ಮೇಲೂ ನೆಕ್ಕುವುದು ನಿಲ್ಲದಿದ್ದಲ್ಲಿ, ನಗರದ ಮೂರನೆಯ ಮಹಡಿಯಲ್ಲಿ ಬೆಳಗಿನ ಒಂಬತ್ತರಿಂದ ಸಂಜೆ ಏಳರವರೆಗೆ ಬೀಗದೊಳಗೆ ಒಂಟಿಯಾಗಿ ಕಳೆಯುವ ಬೇಸರವೂ ಒಂದು ವ್ಯಾಧಿಯೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಅದಕ್ಕೆ ಔಷಧಿಯ ಜೊತೆಗೆ ಎರಡು ಹೊತ್ತಿನ ನಡಿಗೆ, ಮೂಸಿ ಹುಡುಕಿ ತಿನ್ನುವ ಆಟ ಮತ್ತು ಮನುಷ್ಯರ ಸಹವಾಸ ಬೇಕು.

ಕಾರಣ ಯಾವುದಾದರೂ, ಕಚ್ಚುವಿಕೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ತುರಿಕೆಯಿಂದ ಗಾಯ, ಗಾಯದಲ್ಲಿ ಬ್ಯಾಕ್ಟೀರಿಯಾ, ಬೂಷ್ಟುಗಳ ವಾಸ, ಅವುಗಳಿಂದ ಮತ್ತಷ್ಟು ತುರಿಕೆ. ದಟ್ಟ ತುಪ್ಪಳದ ನಾಯಿಗಳಲ್ಲಿ, ಅದರಲ್ಲೂ ಮೈ ಆರದ ಮಳೆಗಾಲದಲ್ಲಿ, ಕೆಲವೇ ಗಂಟೆಗಳೊಳಗೆ ಜಿನುಗುವ ಹುಣ್ಣು ಹರಡುವುದು ಹೀಗೆ. ಆಗ ಸುತ್ತಲಿನ ಕೂದಲನ್ನು ಕತ್ತರಿಸಿ, ಗಾಯಕ್ಕೆ ಗಾಳಿಯಾಡಗೊಟ್ಟು, ಬಾಯಿ ತಲುಪದಂತೆ ಕೊರಳಿಗೆ ಶಂಕುವಿನಾಕಾರದ ಪಟ್ಟಿ ತೊಡಿಸಿ, ತಡಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಮಾಡಬಾರದ ಕೆಲಸಗಳನ್ನೂ ಹೇಳದೆ ಬಿಡಲಾಗದು, ಏತಕ್ಕೆಂದರೆ ಅವನ್ನು ಮಾಡುವವರೆಲ್ಲರೂ ಒಳ್ಳೆಯ ಮನಸ್ಸಿನವರೇ. ಸೀಮೆಎಣ್ಣೆ, ಫಿನಾಯಿಲುಗಳು ಚರ್ಮವನ್ನು ಸುಡುತ್ತವೆ. ನೆಕ್ಕಿದರೆ ವಿಷವೂ ಹೌದು. ನಾಯಿಯ ಚರ್ಮ ನಮ್ಮದಕ್ಕಿಂತ ತೆಳುವಾಗಿದ್ದು ಅಷ್ಟು ಆಮ್ಲೀಯವಾಗಿಲ್ಲದ ಕಾರಣ ನಮ್ಮ ಸೋಪು ಅದಕ್ಕೆ ಹೊಂದದು. ಸತುವಿನ ಮುಲಾಮು ನೆಕ್ಕಿದ ನಾಯಿಯ ರಕ್ತಕಣಗಳು ಒಡೆಯಬಹುದು. ನೆರೆಯವರ ಹಸುವಿಗೆಂದು ತಂದ ಐವರ್‌ಮೆಕ್ಟಿನ್ ಸೂಜಿಮದ್ದನ್ನು ಅಂದಾಜಿನ ಮೇಲೆ ಚುಚ್ಚಿಸುವುದಂತೂ, ಕಾಲಿ ಮುಂತಾದ ತಳಿಗಳ ಪಾಲಿಗೆ ಪ್ರಾಣಾಂತಿಕವಾಗಬಹುದು. ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿ ಬೆಕ್ಕಿಗೆ ಘೋರ ವಿಷ.

ಕೆಂಚ ಹತ್ತು ದಿನ ಆ ಪಟ್ಟಿಯನ್ನು ತೊಟ್ಟು, ಬಾಗಿಲುವಾಡಗಳಿಗೆಲ್ಲ ಡಿಕ್ಕಿ ಹೊಡೆಯುತ್ತ ತಿರುಗಿದ. ಗೋಣಿತಾಟು ಒಲೆ ಸೇರಿತು. ಹೊಸ ಕೂದಲು ಮೂಡುವ ಹೊತ್ತಿಗೆ ಮಳೆಯೂ ಹಿಂದಾಗಿತ್ತು. ದೀಪಾವಳಿಯ ಹಿಂದಿನ ರಾತ್ರಿ ಮತ್ತೊಮ್ಮೆ ಅವನು ತಲೆ ತಿರುಗಿಸಿ, ಬಾಲದ ಬುಡದಲ್ಲಿ ಹಲ್ಲಾಡಿಸಿದ ಸದ್ದು ಕೇಳಿಸಿತು. ಈ ಸಲ ಯಾರೂ ಗದರಲಿಲ್ಲ. ನನ್ನಾಕೆ ಎದ್ದು ದೀಪ ಹಾಕಿದಳು. ನಾನು ಬಾಚಣಿಗೆಯನ್ನೂ ಒಂದು ಹಾಳೆ ಬಿಳಿಯ ಕಾಗದವನ್ನೂ ತಂದೆ.